ಆಕಾಶದ ಗಡಿ ಕಾಯುವವರಿಗೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಮುಂದೇನು ಎಂದು ಕೇಳಿಕೊಂಡು ಬರುವ ಮಕ್ಕಳಿಗೆ ನಾನು ಹೇಳುವ ಕೆಲಸವೊಂದಿದೆ. ವಿಮಾನ ನಿಲ್ದಾಣದ ಸುತ್ತ ಏಳುವ ಕಟ್ಟಡ, ಟವರು, ಚಿಮಣಿಗಳು ಎಷ್ಟು ಎತ್ತರ ಹೋಗಬಹುದು ಎಂದು ಪರಿಶೀಲಿಸುವ ಕೆಲಸ. 2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯಿತಲ್ಲ, ಅಂದಿನಿಂದ ಇದು ನಮಗೆ ದೂರದ ಮಾತಾಗಿ ಉಳಿದಿಲ್ಲ. ಅಲ್ಲಿನ ರನ್‌ವೇ 3200 ಮೀಟರ್ ಉದ್ದವಿದೆ. ಎತ್ತರದ ನಿರ್ಬಂಧ ಮುಖ್ಯವಾಗಿ ಅನ್ವಯಿಸುವ 20 ಕಿಲೋಮೀಟರ್ ವರ್ತುಲದೊಳಗೆ ಭದ್ರಾವತಿ ಬರುತ್ತದೆ. ತರೀಕೆರೆ ಪೇಟೆ ಸ್ವಲ್ಪ ಆಚೆ ಉಳಿಯುತ್ತದೆ.

ಈ ನಿರ್ಬಂಧಗಳೆಲ್ಲ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ 2015ರ ನಿಯಮಗಳಲ್ಲಿವೆ. ಬರಿಗಣ್ಣಿಗೆ ಕಾಣದ ಒಂದು ಹರಿವಾಣವನ್ನು ನಿಲ್ದಾಣದ ಮೇಲೆ ಹಿಡಿದಂತೆ ಕಲ್ಪಿಸಿಕೊಳ್ಳಿ. ದೊಡ್ಡ ನಿಲ್ದಾಣಗಳಲ್ಲಿ ಸುಮಾರು 4 ಕಿಲೋಮೀಟರ್‌ವರೆಗೆ ಅದರ ತಳ 45 ಮೀಟರ್ ಎತ್ತರದಲ್ಲಿ ಸಮತಟ್ಟಾಗಿರುತ್ತದೆ, ಅಲ್ಲಿಂದಾಚೆ ಅಂಚು ಮೇಲೇರುತ್ತದೆ. ವಿಮಾನ ಇಳಿಯುವ, ಮೇಲೇಳುವ ದಿಕ್ಕಿನಲ್ಲಿ ಮಾತ್ರ ಗೆರೆ ಬಹಳ ತಗ್ಗು: ರನ್‌ವೇ ತುದಿಯ ಬಳಿಯಿಂದ ಮೊದಲ 3 ಕಿಲೋಮೀಟರ್ ನೂರಕ್ಕೆ ಎರಡರಂತೆ ಏರುತ್ತದೆ. ಅಂದರೆ ಒಂದು ಕಿಲೋಮೀಟರ್ ದೂರದಲ್ಲಿ, ನೆಲ ರನ್‌ವೇ ಮಟ್ಟದಲ್ಲೇ ಇದ್ದರೆ, ಸುಮಾರು 20 ಮೀಟರ್ ಅಷ್ಟೆ. ಚೆನ್ನಾಗಿ ಬೆಳೆದ ಹಳೆಯ ತೆಂಗಿನಮರ ಅದನ್ನು ಮುಟ್ಟುತ್ತದೆ. ತೆಂಗು ಅಡಿಕೆಯ ಸೀಮೆಯಲ್ಲಿ ಹುಟ್ಟಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡ್ಡಬರುವ ಕಟ್ಟಡಗಳ ಜೊತೆಗೆ ಮರಗಳನ್ನೂ ತೆಗೆಸಲು 1994ರಿಂದಲೇ ಪ್ರತ್ಯೇಕ ನಿಯಮವಿದೆ.

ಇಷ್ಟು ತಗ್ಗು ಏಕೆ ಎಂದು ಜನ ಕೇಳುತ್ತಾರೆ. ಎರಡು ಎಂಜಿನ್ನಿನ ವಿಮಾನದ ಒಂದು ಎಂಜಿನ್ ಮೇಲೇಳುವಾಗಲೇ ಕೈಕೊಟ್ಟರೆ ಅದು ನೂರು ಮೀಟರಿಗೆ ಕನಿಷ್ಠ 2.4 ಮೀಟರ್ ಏರಬೇಕು ಎಂಬುದು ವಿನ್ಯಾಸದ ಕಟ್ಟಳೆ. ಕಷ್ಟದಲ್ಲಿರುವ ವಿಮಾನದಿಂದ ಅದಕ್ಕಿಂತ ಹೆಚ್ಚಿಗೆ ನಿರೀಕ್ಷಿಸುವಂತಿಲ್ಲ. ನೀವು ಕಾಯುವ ಎತ್ತರ ಆ ಹೊತ್ತಿಗಾಗಿ ಮೀಸಲಿಟ್ಟದ್ದು.

ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ನೆಲದ ಮಟ್ಟವನ್ನು. ಅರ್ಜಿದಾರ ‘ಎಷ್ಟು ಅಂತಸ್ತು ಕಟ್ಟಬಹುದು ಸಾರ್’ ಎನ್ನುತ್ತಾನೆ. ನೀವು ಕೊಡುವ ಉತ್ತರವಾದರೋ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು. ನಿಲ್ದಾಣ 600 ಮೀಟರಿನಲ್ಲಿದೆ, ಗಡಿ 645 ಎಂದಿಟ್ಟುಕೊಳ್ಳಿ. 620ರ ದಿಣ್ಣೆಯ ಮೇಲಿನವನಿಗೆ ಸಿಗುವುದು 25 ಮೀಟರ್, 590ರ ತಗ್ಗಿನವನಿಗೆ 55. ಇಬ್ಬರೂ ಅಕ್ಕಪಕ್ಕದವರಾಗಿರಬಹುದು, ಒಬ್ಬನಿಗೆ ಅನ್ಯಾಯವಾಯಿತೆಂದೇ ಕಾಣುತ್ತದೆ. ಆಗ ಸಿಡುಕದೆ ನಕ್ಷೆ ಹರಡಿ ತೋರಿಸಿ. ನಮ್ಮ ಮಲೆನಾಡಿನ ಅಂಚಿನ ನೆಲ ಏರಿಳಿತದ್ದು. ಅರ್ಜಿಯಲ್ಲಿ ಬರೆದ ಮಟ್ಟವನ್ನು ಸರ್ವೇ ಆಫ್ ಇಂಡಿಯಾದ ಗುರುತಿಗೆ ಹೋಲಿಸಿ ನೋಡದೆ ಕಡತ ಮುಂದಕ್ಕೆ ಕಳಿಸಬೇಡಿ. ತಾರಸಿಯ ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಆಂಟೆನಾ, ಸಿಡಿಲುಗಂಬ ಎಲ್ಲವೂ ಎತ್ತರದ ಲೆಕ್ಕಕ್ಕೆ ಸೇರಬೇಕು. ಕಟ್ಟುವಾಗ ನಿಲ್ಲಿಸುವ ಕ್ರೇನ್ ಕಟ್ಟಡಕ್ಕಿಂತ ಎತ್ತರ ಎಂಬುದನ್ನೂ ಮರೆಯಬೇಡಿ.

ಗಡಿ ಮೀರಿದ ರಚನೆ ಎದ್ದುಬಿಟ್ಟರೆ ಕೊನೆಗೆ ಕುಗ್ಗುವುದು ರನ್‌ವೇ. ಬೆಂಗಳೂರಿನ ಜಕ್ಕೂರಿನಲ್ಲಿ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಬಂದ ಮೇಲೆ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ರನ್‌ವೇಯಲ್ಲಿ ಬಳಕೆಗೆ ಸಿಗುವ ಉದ್ದವೇ ಕಡಿಮೆಯಾಯಿತು. ಸಾರ್ವಜನಿಕರ ಹಣದಲ್ಲಿ ಹಾಸಿದ ದಾರಿ ಹೀಗೆ ವ್ಯರ್ಥವಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅಜ್ಜಂಪುರದವರು ನಮಗೇನು ಸಂಬಂಧ ಎನ್ನಬಹುದು. ಪಕ್ಕದ ಹೊಸದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ನೋಡಿ. ಹೊಸ ಯಂತ್ರಗಳ ರೆಕ್ಕೆತುದಿ ಎಷ್ಟೋ ಕಡೆ 150 ಮೀಟರ್ ದಾಟುತ್ತದೆ. ಅಂಥದ್ದು ನಿಲ್ದಾಣದಿಂದ ದೂರವಿದ್ದರೂ ಅಡೆತಡೆಯೆಂದೇ ಎಣಿಸಬೇಕೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು.

ಒತ್ತಡ ಬರುತ್ತದೆ. ಊರಿನವರು, ನೆಂಟರು, ಪರಿಚಯದ ಬಿಲ್ಡರು ‘ಒಂದೆರಡು ಮೀಟರ್ ತಾನೆ’ ಎನ್ನುತ್ತಾರೆ. ಆ ಒಂದೆರಡು ಮೀಟರ್ ಕೊಡುವ ಹಕ್ಕು ನಿಮಗಿಲ್ಲ. ಆದರೆ ಇಲ್ಲ ಎನ್ನುವುದನ್ನು ತಡಮಾಡದೆ, ಕಾರಣ ಸಮೇತ, ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳುವುದು ನಿಮ್ಮ ಕರ್ತವ್ಯ. ಸಾಲ ಮಾಡಿ ಎಬ್ಬಿಸಿದ ಮೇಲಂತಸ್ತನ್ನು ಒಡೆಯಿರಿ ಎಂದು ಯಾರಿಗೂ ಹೇಳುವಂತಾಗಬಾರದು.

ನೀವು ಈ ಕೆಲಸಕ್ಕೆ ಸೇರಿ, ಸೇರದಿರಿ, ಒಂದು ಉಪಕಾರ ಮಾಡಿ. ಸೋಗಾನೆ, ಭದ್ರಾವತಿ ಕಡೆ ಜಾಗ ಕೊಂಡು ಎತ್ತರಕ್ಕೆ ಕಟ್ಟಲು ಹೊರಟ ಬಂಧುಗಳಿದ್ದರೆ, ತಳಪಾಯ ತೋಡುವ ಮೊದಲೇ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ‘ನೋಕಾಸ್’ ಆನ್‌ಲೈನ್ ವ್ಯವಸ್ಥೆಯಲ್ಲಿ ಎತ್ತರದ ಎನ್‌ಒಸಿಗೆ ಅವರಿಂದ ಅರ್ಜಿ ಹಾಕಿಸಿ.