ಹಳೆಯ ಬಾಗಿಲು, ಡಾಂಬರು ಡ್ರಮ್ಮು: ಮರುಬಳಕೆಯ ಕಲಾಕೃತಿಗಳನ್ನು ನೋಡುವ ಬಗೆ

ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಂಬ, ತಗಡುಗಳಿಂದ ರೂಪುಗೊಂಡ ಸಮಕಾಲೀನ ಕಲಾಪ್ರದರ್ಶನಕ್ಕೆ ಮೊದಲ ಬಾರಿಗೆ ಹೋಗುವವರು ಕೃತಿಯ ಅರ್ಥವೇನೆಂದು ಕೇಳುವುದಕ್ಕೆ ಮುನ್ನ, ಆ ಸಾಮಗ್ರಿ ಹಿಂದೆ ಎಲ್ಲಿದ್ದು ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನು ಗುರುತಿಸಬೇಕು. ಇಂತಹ ಸಾಮಗ್ರಿಯನ್ನು ಅತ್ಯಂತ ಗಂಭೀರವಾಗಿ ದುಡಿಸಿಕೊಂಡ ಕಲಾವಿದರಲ್ಲಿ ಒಬ್ಬರಾದ ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದವರು ಎಂಬ ಸಂಗತಿ ಶಿವಮೊಗ್ಗ ಜಿಲ್ಲೆಯ ಓದುಗರಿಗೆ ಇನ್ನಷ್ಟು ಪರಿಚಿತವಾಗಬೇಕಾಗಿದೆ.

ನೋಟದ ಅಭ್ಯಾಸವನ್ನು ಶಿವಮೊಗ್ಗದಲ್ಲಿಯೇ ಆರಂಭಿಸಬಹುದು. ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಮೊದಲು ಮರದ ಕಂಬಗಳನ್ನೂ, ಬಳಿಕ ಸುತ್ತಲಿನ ಊರುಗಳಿಂದ ತಂದಿರಿಸಿದ ಶಿಲ್ಪಗಳನ್ನೂ ನೋಡಿ, ಕಂಬ ಈಗಲೂ ಭಾರ ಹೊತ್ತಿರುವುದನ್ನೂ ಶಿಲ್ಪ ತನ್ನ ಮೂಲಸ್ಥಾನದಿಂದ ಬೇರ್ಪಟ್ಟಿರುವುದನ್ನೂ ಹೋಲಿಸಿದರೆ ಸ್ಥಳಾಂತರವೆಂಬುದು ವಸ್ತುವನ್ನು ಹೇಗೆ ಬದಲಿಸುತ್ತದೆಂಬುದು ತಿಳಿಯುತ್ತದೆ.

ಪ್ರದರ್ಶನಾಲಯದಲ್ಲಿ ಮೊದಲು ಕೃತಿಯ ಪಕ್ಕದ ಫಲಕವನ್ನು ಓದಬೇಕು. ಅದರಲ್ಲಿ ‘ಮಾಧ್ಯಮ’ ಎಂದರೆ ಕೃತಿಗೆ ಬಳಸಿದ ಸಾಮಗ್ರಿ. ಇಡೀ ಕೋಣೆಯನ್ನೇ ಕೃತಿಯಾಗಿಸಿ, ನೋಡುಗರು ಅದರ ಸುತ್ತ ಅಥವಾ ಒಳಗೆ ಓಡಾಡುವಂತೆ ಕಟ್ಟುವ ವಿಧಾನಕ್ಕೆ ಪ್ರತಿಷ್ಠಾಪನಾ ಕಲೆ ಎಂದು ಹೆಸರು. ಶೀಲಾ ಗೌಡ ಅವರ ‘ಡಾರ್ಕ್‌ರೂಮ್’ (2006) ಇದಕ್ಕೆ ತಕ್ಕ ಉದಾಹರಣೆ. ರಸ್ತೆ ಕೆಲಸದ ಕೂಲಿಕಾರರು ಖಾಲಿ ಡಾಂಬರು ಡ್ರಮ್ಮುಗಳನ್ನು ಸೀಳಿ, ತಟ್ಟಿ, ಆ ತಗಡಿನಿಂದ ಗುಡಿಸಲು ಹಾಕಿಕೊಳ್ಳುವುದುಂಟು. ಅಂತಹ ಡ್ರಮ್ಮುಗಳನ್ನೇ ಪೇರಿಸಿದ ಈ ಕೃತಿ ಹೊರಗಿನಿಂದ ಕಂಬಸಾಲಿನ ಭವ್ಯ ಕಟ್ಟಡದಂತೆ ತೋರಿದರೂ, ಬಗ್ಗಿ ಒಳಹೊಕ್ಕವರಿಗೆ ಕತ್ತಲೆಯ ಚಾವಣಿಯ ಸಣ್ಣ ತೂತುಗಳು ನಕ್ಷತ್ರಗಳಾಗಿ ಕಾಣಿಸುತ್ತವೆ. ದೂರ ನಿಂತು ನೋಡಿ ಹೊರಟವರಿಗೆ ಆ ಆಕಾಶ ದಕ್ಕುವುದಿಲ್ಲ. ಆದ್ದರಿಂದ ಒಳಗೆ ಹೋಗಲು, ಮುಟ್ಟಲು ಅವಕಾಶವಿದೆಯೇ ಎಂದು ಸಿಬ್ಬಂದಿಯನ್ನು ಕೇಳುವುದಕ್ಕೆ ಸಂಕೋಚಪಡಬಾರದು. ಅನುಮತಿಯಿಲ್ಲದೆ ಮಾತ್ರ ಮುಟ್ಟಬಾರದು.

ಬಳಿಕ ಹತ್ತಿರದ ನೋಟ. ಮೊಳೆಯ ತೂತು, ಅಗುಳಿಯ ಗುರುತು, ಒಂದರ ಮೇಲೊಂದು ಬಳಿದ ಬಣ್ಣ, ಇವೆಲ್ಲ ವಸ್ತುವಿನ ಹಿಂದಿನ ಬಾಳಿನ ದಾಖಲೆಗಳು. 2012ರ ಕೊಚ್ಚಿ ದ್ವೈವಾರ್ಷಿಕ ಪ್ರದರ್ಶನದಲ್ಲಿ ಶೀಲಾ ಗೌಡ ಮತ್ತು ಕಲಾವಿದ ಕ್ರಿಸ್ಟಾಫ್ ಸ್ಟೋರ್ಜ್ ‘ಸ್ಟಾಪ್‌ಓವರ್’ ಕೃತಿಗಾಗಿ ಇಟ್ಟದ್ದು ಬೆಂಗಳೂರಿನ ಹಳೆಯ ಅಡುಗೆಮನೆಗಳಿಂದ ಹೊರಬಿದ್ದಿದ್ದ ನೂರಕ್ಕೂ ಹೆಚ್ಚು ಒರಳುಕಲ್ಲುಗಳನ್ನು. ಮಿಕ್ಸಿ ಬಂದ ಮೇಲೆ ಹಿತ್ತಲಿಗೆ ಸರಿದ ಒರಳನ್ನು ಕಂಡಿರುವ ಮಲೆನಾಡಿನವರು ಇಂತಹ ಕೃತಿಯನ್ನು ನೋಡಲು ಪರಿಣತರ ವ್ಯಾಖ್ಯಾನಕ್ಕಾಗಿ ಕಾಯಬೇಕಿಲ್ಲ.

ಇಂತಹ ಪ್ರದರ್ಶನಗಳು ಸಾಮಾನ್ಯವಾಗಿ ಕೆಲವೇ ವಾರ ಅಥವಾ ತಿಂಗಳು ಇರುವುದರಿಂದ ದಿನಾಂಕವನ್ನು ಮೊದಲೇ ವಿಚಾರಿಸಬೇಕು. ಬೆಂಗಳೂರಿನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯಕ್ಕೂ ಸೋಮವಾರ ರಜೆ. ಶಿವಮೊಗ್ಗ, ಭದ್ರಾವತಿಯಿಂದ ರಾತ್ರಿ ರೈಲು ಹಿಡಿಯುವವರು ಭಾನುವಾರದ ಪ್ರಯಾಣವನ್ನು ಬಿಟ್ಟು ಬೇರೆ ದಿನ ಹೊರಡುವುದು ಲೇಸು.