ಸಾರಾಂಶ ಕಳಿಸುವ ಮುನ್ನ

ವೈದ್ಯಕೀಯ ಗ್ರಂಥಪಾಲಕರ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವ ಆಸೆಯಿದ್ದರೆ, ಮೊದಲು ವಿಷಯವನ್ನು ಕಿರಿದು ಮಾಡಿಕೊಳ್ಳಿ. ‘ಡಿಜಿಟಲ್ ಯುಗದಲ್ಲಿ ವೈದ್ಯಕೀಯ ಗ್ರಂಥಾಲಯ’ ಎಂಬ ಶೀರ್ಷಿಕೆಯಿಂದ ಪರಿಶೀಲಕರಿಗೆ ಏನೂ ತಿಳಿಯುವುದಿಲ್ಲ. ‘ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಲಿನೆಟ್ ಬಳಸುವಾಗ ಎಲ್ಲಿ ಎಡವುತ್ತಾರೆ’ ಎಂದು ಶೀರ್ಷಿಕೆ ಕೊಟ್ಟು ನೋಡಿ, ಓದುವ ಕುತೂಹಲ ತಾನಾಗಿ ಹುಟ್ಟುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಕಟ್ಟಿದ ಹೆಲಿನೆಟ್ ಎಂಬ ಈ ಗ್ರಂಥಾಲಯ ಒಕ್ಕೂಟದ ಬಗ್ಗೆ ನಮ್ಮವರು ಬರೆಯಬೇಕಾದದ್ದು ಇನ್ನೂ ಬೇಕಾದಷ್ಟಿದೆ.

ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ: ಸಾರಾಂಶದಲ್ಲಿ ಸಾಮಾನ್ಯವಾಗಿ ಕೇಳುವುದು ಇಷ್ಟೇ. ಸಾರಾಂಶ ಸೊರಗುವುದು ವಿಧಾನದಲ್ಲಿ. ‘ಸಮೀಕ್ಷೆ ನಡೆಸಲಾಯಿತು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಯಾರನ್ನು ಕೇಳಿದಿರಿ, ಎಷ್ಟು ಮಂದಿ ಉತ್ತರಿಸಿದರು? ಪಬ್‌ಮೆಡ್ ತರಬೇತಿ ಕೊಟ್ಟಿದ್ದರೆ, ಹುಡುಕುಪೆಟ್ಟಿಗೆಯಲ್ಲಿ ಇಡೀ ಪ್ರಶ್ನೆಯನ್ನೇ ಟೈಪ್ ಮಾಡುತ್ತಿದ್ದ ವಿದ್ಯಾರ್ಥಿ ಆಮೇಲೆ ಮೆಶ್ ಪದಗಳನ್ನು ‘ಆ್ಯಂಡ್’ ಹಾಕಿ ಜೋಡಿಸಲು ಕಲಿತನೇ? ಅದನ್ನು ಹೇಗೆ ಅಳೆದಿರಿ? ಇವಕ್ಕೆ ಉತ್ತರಿಸುವ ಎರಡು ಸಾಲು ನಿಮ್ಮ ಪ್ರಸ್ತಾವವನ್ನು ದಡ ಸೇರಿಸಬಲ್ಲವು. ಫಲಿತಾಂಶ ಇನ್ನೂ ಬಂದಿಲ್ಲವೇ? ಹಾಗೆಂದೇ ಬರೆಯಿರಿ, ಊಹೆಯ ಅಂಕಿ ಮಾತ್ರ ಖಂಡಿತ ಬೇಡ.

ಹೆಸರು ಮರೆಮಾಡಿ ಪರಿಶೀಲಿಸುವ ಪದ್ಧತಿಯಿದ್ದರೆ ಪಠ್ಯದೊಳಗೆ ನಿಮ್ಮ ಕಾಲೇಜಿನ ಹೆಸರೂ ಇರಕೂಡದು. ಪದಮಿತಿ ಮೀರಬೇಡಿ. ಕಳಿಸುವ ಮೊದಲು ನಿಮ್ಮ ಆಸ್ಪತ್ರೆಯ ವೈದ್ಯರೊಬ್ಬರಿಗೆ ಓದಲು ಕೊಡಿ. ಅವರಿಗೆ ಅರ್ಥವಾಗದ ಸಾಲನ್ನು ಮತ್ತೆ ಬರೆಯಿರಿ.