ಇಲಿಯ ಕಾಟ: ವಿಷಕ್ಕಿಂತ ಮೊದಲು ಕಾಳಿನ ಕಾವಲು

ಹಿಂಗಾರಿ ಜೋಳದ ರಾಶಿ ಮುಗಿದು ಕಾಳು ಮನೆ ಸೇರುವ ಕಾಲವಿದು. ಭೀಮಾ ತೀರದ ನಮ್ಮ ಅಗರಖೇಡ ಮತ್ತು ಸುತ್ತಲಿನ ಊರುಗಳಲ್ಲಿ ಕಬ್ಬಿನ ಕಟಾವು ಮುಗಿಯುವುದೂ ಇದೇ ವೇಳೆಗೆ. ಹೊಲದಲ್ಲಿ ತೆನೆಯೂ ಕಬ್ಬಿನ ಮರೆಯೂ ಇರುವವರೆಗೆ ಅಲ್ಲಿಯೇ ಬದುಕಿದ್ದ ಇಲಿಗಳಲ್ಲಿ ಹಲವು, ಹೊಲ ಬರಿದಾದೊಡನೆ ಊರಿನತ್ತ ಮುಖ ಮಾಡುತ್ತವೆ. ಆಗ ನಮ್ಮಲ್ಲಿ ಬಹುಜನರಿಗೆ ಮೊದಲು ನೆನಪಾಗುವುದು ಅಂಗಡಿಯಲ್ಲಿ ಸಿಗುವ ಇಲಿಪಾಷಾಣ. ಆದರೆ ಸದ್ಭಕ್ತರು ಗಮನಿಸಬೇಕಾದ ಮಾತೊಂದಿದೆ. ಇಲಿ ನಮ್ಮ ಮನೆಗೆ ಬರುವುದು ಅನ್ನ, ನೀರು, ಅಡಗುದಾಣ ಈ ಮೂರಕ್ಕಾಗಿ. ಇವು ಇರುವವರೆಗೆ ಸತ್ತ ಇಲಿಯ ಸ್ಥಾನಕ್ಕೆ ಇನ್ನೊಂದು ಬಂದೇ ಬರುತ್ತದೆ. ಆದುದರಿಂದ ವಿಷವು ಕೊನೆಯ ಉಪಾಯವಾಗಬೇಕು. ಕಾಳಿನ ಕಾವಲು ಮೊದಲಿನದಾಗಬೇಕು.

ಹಾನಿಯ ಲೆಕ್ಕ

ದೊಡ್ಡ ಇಲಿಯೊಂದು ದಿನಕ್ಕೆ ಸುಮಾರು 25 ಗ್ರಾಂ ಕಾಳು ತಿನ್ನಬಲ್ಲದು. ಮನೆಯಲ್ಲಿ ಹತ್ತು ಇಲಿಗಳಿದ್ದರೆ ದಿನಕ್ಕೆ ಕಾಲು ಕಿಲೋ, ವರ್ಷಕ್ಕೆ ಸುಮಾರು 90 ಕಿಲೋ ಕಾಳು ಹೋಯಿತು. ತಿಂದುದಕ್ಕಿಂತ ಹಿಕ್ಕೆ, ಮೂತ್ರ, ಕೂದಲುಗಳಿಂದ ಕೆಡಿಸಿದುದೇ ಹೆಚ್ಚು. ಹೆಣ್ಣಿಲಿಯ ಗರ್ಭಕಾಲ ಮೂರು ವಾರ ಮಾತ್ರ. ಒಂದು ಸೂಲಿಗೆ ಆರೆಂಟು ಮರಿಗಳು. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ. ಇವತ್ತಿನ ಒಂದು ಜೋಡಿಯನ್ನು ಅಲಕ್ಷಿಸಿದವರಿಗೆ ಮಳೆಗಾಲದ ಹೊತ್ತಿಗೆ ದೊಡ್ಡ ಸಂಸಾರವೇ ಎದುರಾಗುತ್ತದೆ.

ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್) ನಿಂತ ನೀರು ಮತ್ತು ಕೆಸರಿನ ಮೂಲಕ, ಕಾಲಿನ ಬಿರುಕು ಗಾಯಗಳಿಂದ ದೇಹವನ್ನು ಸೇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದಂತಹ ಭೀಮೆಯ ಪ್ರವಾಹದ ನಂತರದ ದಿನಗಳಲ್ಲಿ ಇದರ ಬಗ್ಗೆ ವಿಶೇಷ ಎಚ್ಚರ ಬೇಕು. ಇನ್ನೊಂದು ಅಪಾಯವನ್ನು ನಮ್ಮ ಹಿರಿಯರೆಲ್ಲರೂ ಬಲ್ಲರು. ಇಲಿಯ ಜಾಡು ಹಿಡಿದು ಹಾವು ಮನೆಯೊಳಗೆ ಬರುತ್ತದೆ. ಇಲಿಯಿಲ್ಲದ ಮನೆಯಲ್ಲಿ ಹಾವಿನ ಭಯವೂ ಕಡಿಮೆ.

ಹಿಂದಿನ ಎರಡು ಪಾಠಗಳು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡೇ ವರ್ಷಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನು ಮುಟ್ಟಿತು. ಆ ಕಾಲದಲ್ಲಿ ಜನರು “ಇಲಿ ಬಿದ್ದವು” ಎಂದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಸತ್ತ ಇಲಿಯ ತಣ್ಣಗಾದ ದೇಹವನ್ನು ಬಿಟ್ಟ ಚಿಗಟಗಳು ಮನುಷ್ಯರನ್ನು ಕಚ್ಚಿ ರೋಗ ತರುತ್ತವೆ. ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ ಈ ಸತ್ಯಕ್ಕೆ ನಮ್ಮವರ ಆ ನಡೆ ಒಪ್ಪುವಂತಿತ್ತು.

ಎರಡನೆಯದು ನಮಗೆ ಹತ್ತಿರದ ಕಾಲದ್ದು. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಮರುವರ್ಷ ನೆರೆಯ ಬೀಡ ಜಿಲ್ಲೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಭೂಕಂಪಕ್ಕೆ ಹೆದರಿ ಜನರು ಬಿಟ್ಟುಹೋದ ಮನೆಗಳಲ್ಲಿ ಕಾಳು ಹಾಗೆಯೇ ಉಳಿದು, ಇಲಿಗಳು ಮಿತಿಮೀರಿ ಬೆಳೆದುದು ಇದಕ್ಕೆ ಕಾರಣವೆಂದು ತಜ್ಞರು ಸೂಚಿಸಿದರು. ಕಾವಲಿಲ್ಲದ ಕಾಳು ಎಂತಹ ಆಪತ್ತಿಗೆ ದಾರಿಯಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ವಿಷ ಹಾಕದೆಯೇ ಊರಿನಲ್ಲಿ ಇಲಿಗಳು ತಾವಾಗಿ ಸತ್ತು ಬೀಳತೊಡಗಿದರೆ, ಬರಿಗೈಯಿಂದ ಮುಟ್ಟದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಬೇಕು.

ಮನೆಯಲ್ಲಿ ಕ್ರಮವಾಗಿ ಮಾಡಬೇಕಾದುದು

1. ಕಾಳನ್ನು ಎತ್ತಿಡುವುದು. ನಮ್ಮ ಹಿರಿಯರು ಹಗೇವಿನ ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತಿ ಕಾಳನ್ನು ಕಾಪಾಡಿದರು. ಇಂದು ನಾವು ಅದೇ ಕಾಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಪಡಸಾಲೆಯ ಗೋಡೆಗೆ ಒರಗಿಸುತ್ತೇವೆ; ಇಲಿಗೆ ಅದು ಒಂದು ರಾತ್ರಿಯ ಕೆಲಸ. ಮುಚ್ಚಳ ಬಿಗಿಯಾದ ತಗಡಿನ ಕಣಜವೇ ಉತ್ತಮ. ಚೀಲಗಳೇ ಗತಿಯಾದರೆ ನೆಲದಿಂದ ಒಂದೂವರೆ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಇಡಬೇಕು. ದನಗಳ ಹಿಂಡಿ, ನುಚ್ಚುಗಳಿಗೂ ಇದೇ ನಿಯಮ.

2. ರಾತ್ರಿಯ ಊಟ ತಪ್ಪಿಸುವುದು. ಮುಸುರೆ ಪಾತ್ರೆಗಳನ್ನು ಬೆಳಗಿನವರೆಗೆ ಬಿಡಬಾರದು. ರೊಟ್ಟಿಯ ಬುಟ್ಟಿಗೆ ಬಟ್ಟೆಯಷ್ಟೇ ಸಾಲದು, ಗಟ್ಟಿ ಮುಚ್ಚಳ ಬೇಕು. ನೀರಿನ ಕೊಡ, ಬಾನಿಗಳನ್ನೂ ಮುಚ್ಚಿಡಬೇಕು.

3. ತೂತು ಮುಚ್ಚುವುದು. ಚಿಕ್ಕ ಇಲಿಗೆ ಪೆನ್ಸಿಲಿನಷ್ಟು, ದೊಡ್ಡದಕ್ಕೆ ಹೆಬ್ಬೆರಳಿನಷ್ಟು ಸಂದು ಸಾಕು. ಮಣ್ಣಿನ ಗೋಡೆಯ ಬಿಲಗಳಿಗೆ ಒಡೆದ ಗಾಜಿನ ಚೂರು ಬೆರೆಸಿದ ಸಿಮೆಂಟು, ಬಾಗಿಲಿನ ಅಡಿಗೆ ತಗಡಿನ ಪಟ್ಟಿ, ಬೆಳಕಿಂಡಿ ಮತ್ತು ಬಚ್ಚಲಿನ ತೂಬಿಗೆ ಕಬ್ಬಿಣದ ಜಾಳಿಗೆ ಹಾಕಬೇಕು. ಬರಿ ಮಣ್ಣು ಮೆತ್ತಿದರೆ ಇಲಿ ಮತ್ತೆ ಕೊರೆಯುತ್ತದೆ.

4. ಅಡಗುದಾಣ ತೆಗೆಯುವುದು. ಕುಳ್ಳು, ಕಟ್ಟಿಗೆ, ಹಳೆಯ ಚೀಲಗಳ ರಾಶಿಯನ್ನು ಗೋಡೆಗೆ ಹೊಂದಿಸಿ ಇಡಬಾರದು. ಮೇವಿನ ಬಣವೆ ಮನೆಯಿಂದ ದೂರವಿರಲಿ.

5. ಬೋನು ಇಡುವುದು. ಇಲಿಗೆ ಹೊಸ ವಸ್ತುವೆಂದರೆ ಸಂಶಯ. ಆದುದರಿಂದ ಮೊದಲ ಮೂರು ರಾತ್ರಿ ಬೋನಿನ ಬಾಯಿ ತೆರೆದು ಕಟ್ಟಿ, ಶೇಂಗಾ ಎಣ್ಣೆ ಸವರಿದ ರೊಟ್ಟಿಯ ಚೂರನ್ನು ಒಳಗಿಡಬೇಕು. ತಿನ್ನುವ ರೂಢಿಯಾದ ಮೇಲೆ ಬೋನನ್ನು ಹೂಡಬೇಕು. ಇಲಿ ಗೋಡೆಯ ಅಂಚಿನಲ್ಲಿ ಓಡಾಡುವುದರಿಂದ ಬೋನೂ ಅಲ್ಲಿಯೇ ಇರಲಿ. ಅಂಟಿನ ಹಲಗೆಗಳಲ್ಲಿ ಸಿಕ್ಕ ಜೀವ ಗಂಟೆಗಟ್ಟಲೆ ನರಳುತ್ತದೆ; ಅವನ್ನು ಬಳಸದಿರುವುದು ಲೇಸು. ಹಿಡಿದ ಇಲಿಯನ್ನು ನೆರೆಯವರ ಹೊಲದಲ್ಲಿ ಬಿಡುವುದು ನಮ್ಮ ಕಾಟವನ್ನು ಅವರ ತಲೆಗೆ ಕಟ್ಟಿದಂತೆ.

ಜೀವ ತೆಗೆಯಲು ಮನಸ್ಸೊಪ್ಪದ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಬಂದುದನ್ನು ಕೊಲ್ಲುವುದಕ್ಕಿಂತ ಬಾರದಂತೆ ತಡೆಯುವ ಮೊದಲ ನಾಲ್ಕು ಉಪಾಯಗಳು ದಯೆಗೂ ಆರೋಗ್ಯಕ್ಕೂ ಒಪ್ಪುತ್ತವೆ.

ವಿಷದ ವಿಷಯದಲ್ಲಿ

ಹಳದಿ ರಂಜಕವಿರುವ ಇಲಿಪಾಷಾಣದ ಟ್ಯೂಬನ್ನು ಮನೆಯಲ್ಲಿ ಇಡಲೇಬಾರದು. ಅದಕ್ಕೆ ಪ್ರತಿವಿಷವಿಲ್ಲ. ತಿಂದವರಿಗೆ ಮೊದಲ ದಿನ ವಾಂತಿಯಾಗಿ ನಂತರ ಆರಾಮವೆನಿಸಿದರೂ, ಎರಡು ಮೂರು ದಿನಗಳಲ್ಲಿ ಯಕೃತ್ತು ಕೆಟ್ಟು ಪ್ರಾಣಾಪಾಯವಾಗಬಹುದು. ಝಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಗೂ ಪ್ರತಿವಿಷವಿಲ್ಲ. ಕಾಳಿನ ಹುಳುವಿಗೆಂದು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮನೆಯೊಳಗಿನ ಬಿಲಕ್ಕೆ ಹಾಕುವುದಂತೂ ಸರ್ವಥಾ ಕೂಡದು. ಅವುಗಳಿಂದ ಹೊರಡುವ ಅನಿಲ ಗೋಡೆಯ ಸಂದಿನಿಂದ ನುಸುಳಿ, ಮಲಗಿದವರ ಪ್ರಾಣವನ್ನೇ ತೆಗೆಯಬಲ್ಲದು.

ಅನಿವಾರ್ಯವಾದಲ್ಲಿ ಬ್ರೋಮಾಡಿಯೋಲೋನ್ ಬಿಲ್ಲೆಗಳನ್ನು ಮಕ್ಕಳು, ದನ, ನಾಯಿಗಳ ಕೈಬಾಯಿಗೆ ಸಿಗದಂತೆ ಬಿಲದೊಳಗೆ ಇಡಬಹುದು. ಇಲಿ ಕೂಡಲೇ ಸಾಯದೆ ಕೆಲವು ದಿನಗಳ ನಂತರ ಸಾಯುತ್ತದೆ. ಮನುಷ್ಯರು ಆಕಸ್ಮಿಕವಾಗಿ ತಿಂದರೆ ಇದಕ್ಕೆ ವಿಟಮಿನ್ ಕೆ1 ಎಂಬ ಪ್ರತಿವಿಷವುಂಟು. ವಿಷವನ್ನು ರೊಟ್ಟಿ, ಬೆಲ್ಲಗಳಲ್ಲಿ ಕಲಸಿ ಅಡುಗೆಮನೆಯಲ್ಲಿ ಇಡಬಾರದು.

ಯಾರಾದರೂ ಯಾವುದೇ ಇಲಿವಿಷವನ್ನು ತಿಂದರೆ ಹಾಲು, ತುಪ್ಪ, ಎಣ್ಣೆ ಕುಡಿಸಬಾರದು. ಕೊಬ್ಬಿನಂಶದಿಂದ ರಂಜಕದಂತಹ ವಿಷ ದೇಹಕ್ಕೆ ಬೇಗ ಸೇರುತ್ತದೆ. ಬಲವಂತವಾಗಿ ವಾಂತಿ ಮಾಡಿಸಬಾರದು. 108ಕ್ಕೆ ಕರೆ ಮಾಡಿ, ವಿಷದ ಪೊಟ್ಟಣವನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಆರಾಮವಾಗಿ ಕಂಡರೂ ತಡಮಾಡಬಾರದು.

ಹಿಕ್ಕೆ ಬಳಿಯುವಾಗ, ಜ್ವರ ಬಂದಾಗ

ಒಣ ಹಿಕ್ಕೆಯನ್ನು ಕಸಬರಿಗೆಯಿಂದ ಗುಡಿಸಿದರೆ ಧೂಳು ಉಸಿರಿಗೆ ಸೇರುತ್ತದೆ. ಲೀಟರ್ ನೀರಿಗೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗವಸು ಹಾಕಿ ಒರೆಸಿ ತೆಗೆಯಬೇಕು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಇಲಿ ಕಚ್ಚಿದರೆ ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರನ್ನು ಕಾಣಬೇಕು. ತೀವ್ರ ಜ್ವರದೊಂದಿಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು ಅಥವಾ ಕಾಮಾಲೆ ಕಂಡರೆ, ಕೆಸರು ನೀರಿನಲ್ಲಿ ಕೆಲಸ ಮಾಡಿದುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಇಲಿ ಜ್ವರವು ಬೇಗ ಗುರುತಿಸಿದರೆ ಔಷಧದಿಂದ ಗುಣವಾಗುತ್ತದೆ. ತಡವಾದರೆ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಒಂದೇ ಮನೆಯವರು ತೂತು ಮುಚ್ಚಿದರೆ ಇಲಿ ಪಕ್ಕದ ಮನೆಗೆ ಹೋಗಿ, ತಿಂಗಳೊಪ್ಪತ್ತಿನಲ್ಲಿ ಮರಳಿ ಬರುತ್ತದೆ. ಆದುದರಿಂದ ಇಡೀ ಓಣಿಯವರು ಒಟ್ಟಾಗಿ ಮಾಡಿದಾಗಲೇ ಈ ಕೆಲಸ ಫಲ ಕೊಡುತ್ತದೆ. ಎತ್ತು ಹೂಡದ ಅಮಾವಾಸ್ಯೆಯ ದಿನ ಮನೆ ಮನೆಯವರೂ ಒಂದು ತಾಸು ಬಿಡುವು ಮಾಡಿಕೊಂಡು ಗೋಡೆ, ಬಾಗಿಲು, ಕಣಜ, ಬಣವೆಗಳನ್ನು ನೋಡಿ, ಹೊಸ ತೂತು ಕಂಡಲ್ಲಿ ಅಂದೇ ಮುಚ್ಚಲಿ. ಬೆವರು ಸುರಿಸಿ ಬೆಳೆದ ಕಾಳು ಮನೆಯವರಿಗೂ ಬಂದ ಅತಿಥಿಗಳಿಗೂ ದಾಸೋಹಕ್ಕೂ ಶುದ್ಧವಾಗಿ ಉಳಿಯಲು ತಿಂಗಳಿಗೊಂದು ತಾಸಿನ ಈ ಶ್ರಮ ಹೆಚ್ಚಿನದಲ್ಲ.